ಗರ್ಭಿಣಿಯ ಊಟದಲ್ಲಿ ಕಡಲ ಮೀನು ಮತ್ತು ಮಗುವಿನ ಬುದ್ಧಿ ಬೆಳವಣಿಗೆ

(ರೈತರು, ರೈತ ಮಹಿಳೆಯರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಬೇಸಾಯಶಾಸ್ತ್ರ ವಿಭಾಗದ ಉಪನ್ಯಾಸಕರು ಮಾಡಿದ ಭಾಷಣದ ಪಾಠ)



ಬೇಸಾಯಶಾಸ್ತ್ರದ ಪಾಠ ಹೇಳುವವನಿಗೆ ಬಸುರಿಯ ಊಟದ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನಾನು ವೈದ್ಯನಲ್ಲ, ಔಷಧಿ ಬರೆದುಕೊಡುವ ಅಧಿಕಾರವೂ ನನಗಿಲ್ಲ. ಆದರೆ ಈ ವಿಷಯದ ಬೇರುಗಳು ನಮ್ಮ ಹೊಲದಲ್ಲಿಯೇ ಇವೆ. ಬಿತ್ತನೆ ಬೀಜಕ್ಕೆ ಹಿಂದೆ ಲೇಪಿಸುತ್ತಿದ್ದ ಪಾದರಸದ ಔಷಧಿ ಒಂದು ಬೇರು. ಮಳೆಗೆ ಕರಗಿ ಹೋಗುವ ಮಣ್ಣಿನ ಅಯೋಡಿನ್ ಇನ್ನೊಂದು. ಇದರ ಮೇಲೆ, ಯಾವುದೇ ಪ್ರಯೋಗದ ಫಲಿತಾಂಶವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂದು ತೂಗಿ ನೋಡುವುದು ನಮ್ಮ ದಿನನಿತ್ಯದ ಕೆಲಸವೇ ಆಗಿದೆ. ಈ ಧೈರ್ಯದಿಂದ ನಾಲ್ಕು ಮಾತು ಹೇಳುತ್ತೇನೆ.

ಬಸುರಿಯಾದ ಹೆಂಗಸು ಮೀನು ತಿನ್ನಬಹುದೇ? ಇದು ಹಳ್ಳಿಯಲ್ಲಿ ಆಗಾಗ ಕೇಳಿಬರುವ ಪ್ರಶ್ನೆ. ಕರಾವಳಿಯ ಅಜ್ಜಿಯರನ್ನು ಕೇಳಿದರೆ ಇದೆಂಥ ಪ್ರಶ್ನೆ ಎಂದು ನಗುತ್ತಾರೆ. ಘಟ್ಟದ ಮೇಲೆ ಕೆಲವು ಮನೆಗಳಲ್ಲಿ ಮೀನು ಉಷ್ಣ, ಬಸುರಿಗೆ ಆಗದು ಎಂದು ನಿಲ್ಲಿಸುತ್ತಾರೆ. ಓದಿದವರ ಮನೆಯಲ್ಲಿ ಮೀನಿನಲ್ಲಿ ಪಾದರಸ ಇದೆಯಂತೆ, ಮಗುವಿನ ಮೆದುಳು ಕೆಡುತ್ತದಂತೆ ಎಂಬ ಹೆದರಿಕೆ. ಕೊನೆಯ ಹೆದರಿಕೆ ಆಧಾರವಿಲ್ಲದ್ದೇನೂ ಅಲ್ಲ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಜಪಾನಿನ ಕ್ಯೂಶು ದ್ವೀಪದಲ್ಲಿ ಮಿನಮಾಟ ಎಂಬ ಊರಿದೆ. ಅಲ್ಲಿನ ಚಿಸ್ಸೋ ಎಂಬ ಕಂಪನಿಯ ರಾಸಾಯನಿಕ ಕಾರ್ಖಾನೆ ತನ್ನ ಹೊಲಸು ನೀರನ್ನು ಪಕ್ಕದ ಕೊಲ್ಲಿಗೆ ಬಿಡುತ್ತಿತ್ತು. ಆ ನೀರಿನಲ್ಲಿ ಮೀಥೈಲ್ ಪಾದರಸ ಇತ್ತು. ಅದು ಮೀನು, ಚಿಪ್ಪುಮೀನುಗಳಲ್ಲಿ ಸೇರಿ, ಅವನ್ನು ತಿಂದ ಮೀನುಗಾರರ ಮನೆಗಳನ್ನು ಹೊಕ್ಕಿತು. ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಜನರ ಕೈಕಾಲು ಸ್ವಾಧೀನ ತಪ್ಪಿದವು. 1956ರ ಮೇ ತಿಂಗಳಲ್ಲಿ ಈ ರೋಗ ಅಧಿಕೃತವಾಗಿ ದಾಖಲಾಯಿತು. ಕಾರ್ಖಾನೆಯೇ ಕಾರಣವೆಂದು ಸರ್ಕಾರ ಒಪ್ಪಿಕೊಳ್ಳಲು 1968ರವರೆಗೆ ಕಾಯಬೇಕಾಯಿತು. ಇದರಲ್ಲಿ ನಮಗೆ ಬೇಕಾದ ಸಂಗತಿ ಏನೆಂದರೆ, ತಾಯಿಗೆ ಹೆಚ್ಚೇನೂ ಕಾಣಿಸಿಕೊಳ್ಳದಿದ್ದಾಗಲೂ ಹೊಟ್ಟೆಯಲ್ಲಿದ್ದ ಮಗು ಪೂರ್ತಿ ಜಖಂ ಆಗಿ ಹುಟ್ಟಿತು. ಅಲ್ಲಿಯವರೆಗೆ ಗರ್ಭದ ಮಾಸು ವಿಷವನ್ನು ತಡೆಯುತ್ತದೆ ಎಂದು ವೈದ್ಯರು ನಂಬಿದ್ದರು. ಮೀಥೈಲ್ ಪಾದರಸಕ್ಕೆ ಮಾಸು ಅಡ್ಡಿಯಾಗಲಿಲ್ಲ.

ಎರಡನೆಯ ಕಥೆ ಇರಾಕಿನದು. ಇದನ್ನು ನಾನು ಬೀಜೋಪಚಾರದ ಪಾಠ ಮಾಡುವಾಗ ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. 1971ರಲ್ಲಿ ಬರದಿಂದ ಬಳಲಿದ ಇರಾಕಿಗೆ ಬಿತ್ತನೆಗೆಂದು ಗೋಧಿ ಮತ್ತು ಬಾರ್ಲಿ ಬೀಜ ಹಡಗಿನಲ್ಲಿ ಬಂದವು. ಬೀಜಕ್ಕೆ ಮೀಥೈಲ್ ಪಾದರಸದ ಶಿಲೀಂಧ್ರನಾಶಕ ಲೇಪಿಸಿ, ತಿನ್ನಬಾರದೆಂದು ತಿಳಿಯಲಿ ಎಂದು ಕೆಂಪು ಬಣ್ಣ ಹಾಕಿದ್ದರು. ಆದರೆ ಚೀಲದ ಮೇಲಿನ ಎಚ್ಚರಿಕೆ ರೈತರಿಗೆ ತಿಳಿಯದ ಪರಭಾಷೆಯಲ್ಲಿತ್ತು. ಹಲವು ಕಡೆ ಬೀಜ ತಲುಪುವ ಹೊತ್ತಿಗೆ ಬಿತ್ತನೆಯ ಹದವೂ ಮೀರಿತ್ತು. ಮನೆಯಲ್ಲಿ ಕಾಳಿಲ್ಲ, ಅಂಗಳದಲ್ಲಿ ಚೀಲ ಇದೆ. ರೈತರು ಬೀಜ ತೊಳೆದರು, ಬಣ್ಣ ಹೋಯಿತು, ವಿಷ ಹೋಯಿತೆಂದುಕೊಂಡರು. ಕೋಳಿಗೆ ಹಾಕಿ ನೋಡಿದರು, ಕೆಲವು ದಿನ ಕೋಳಿಗೆ ಏನೂ ಆಗಲಿಲ್ಲ. ಬೀಸಿ ರೊಟ್ಟಿ ಮಾಡಿ ಉಂಡರು. ಈ ವಿಷದ ಲಕ್ಷಣಗಳು ಹೊರಬೀಳಲು ವಾರಗಟ್ಟಲೆ ಬೇಕು. 6,530 ಜನ ಆಸ್ಪತ್ರೆ ಸೇರಿದರು. ಆಸ್ಪತ್ರೆಗಳಲ್ಲಿಯೇ 459 ಜನ ತೀರಿಕೊಂಡರು. ಆಗ ಬಸುರಿಯರಾಗಿದ್ದವರ ಮಕ್ಕಳಲ್ಲಿ ಅನೇಕರು ನಡೆ ತಡವಾಗಿ, ಮಾತು ತಡವಾಗಿ ಬೆಳೆದರು.

ನಮ್ಮಲ್ಲಿ ಹಿರಿಯ ರೈತರಿಗೆ ಅಗಲಾಲ್ ಹೆಸರು ನೆನಪಿರಬೇಕು. ಕಬ್ಬಿನ ತುಂಡು, ಶುಂಠಿ ಮತ್ತು ಅರಿಸಿನದ ಗಡ್ಡೆಗಳನ್ನು ಅದರ ದ್ರಾವಣದಲ್ಲಿ ಅದ್ದಿ ನೆಡುತ್ತಿದ್ದರು. ಅದರಲ್ಲಿದ್ದ ಮಿಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್ ಇರಾಕಿನ ವಿಷದಷ್ಟು ಘೋರವಲ್ಲವಾದರೂ ಪಾದರಸದ ಸಂಯುಕ್ತವೇ. ಭಾರತ ಸರ್ಕಾರ 2018ರಲ್ಲಿ ಅದನ್ನು ನಿಷೇಧಿಸಿತು. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಡಬ್ಬಿ ಉಳಿದಿದ್ದರೆ ಅದನ್ನು ಕೆರೆಗೆ, ಹಳ್ಳಕ್ಕೆ ಎಸೆಯಬೇಡಿ. ಕೃಷಿ ಇಲಾಖೆಯ ಅಧಿಕಾರಿಗಳಿಗೆ ತಿಳಿಸಿರಿ. ಪಾದರಸ ಬಿಡಿ, ಯಾವುದೇ ಔಷಧಿ ಲೇಪಿಸಿದ ಬೀಜ ಅಡಿಗೆಮನೆಯ ಹೊಸ್ತಿಲು ದಾಟಕೂಡದು.

ಈಗ ಸಮುದ್ರಕ್ಕೆ ಬರೋಣ. ಕಲ್ಲಿದ್ದಲು ಸುಟ್ಟ ಹೊಗೆಯಿಂದ, ಚಿನ್ನದ ಗಣಿಗಳಿಂದ, ಜ್ವಾಲಾಮುಖಿಗಳಿಂದ ಪಾದರಸ ಗಾಳಿಗೆ ಸೇರಿ ನೀರಿಗೆ ಇಳಿಯುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಹಾವಸೆಯನ್ನು ಚಿಕ್ಕ ಮೀನು ತಿನ್ನುತ್ತದೆ, ಚಿಕ್ಕದನ್ನು ದೊಡ್ಡದು, ದೊಡ್ಡದನ್ನು ಇನ್ನೂ ದೊಡ್ಡದು. ಪ್ರತಿ ಮೆಟ್ಟಿಲಿನಲ್ಲೂ ಪಾದರಸ ಸಾಂದ್ರವಾಗುತ್ತದೆ. ಬೂತಾಯಿ ಮೀನನ್ನು ಹುಲ್ಲು ಮೇಯುವ ದನ ಎಂದುಕೊಂಡರೆ ಶಾರ್ಕ್ ಹುಲಿ ಇದ್ದಂತೆ. ಬಹುಕಾಲ ಬದುಕಿ ಬಹಳ ಮೀನು ತಿಂದದ್ದರಲ್ಲಿ ಪಾದರಸ ಹೆಚ್ಚು. ಒಂದೆರಡು ವರ್ಷ ಬದುಕುವ ಚಿಕ್ಕ ಮೀನಿನಲ್ಲಿ ಬಹಳ ಕಡಿಮೆ. ಇಷ್ಟು ತಿಳಿದರೆ ಮುಂದಿನ ಅರ್ಧ ಮಾತು ತಾನೇ ತಿಳಿಯುತ್ತದೆ.

ಈ ಭಯದಿಂದ ಅಮೆರಿಕದ ಸರ್ಕಾರ 2001ರಲ್ಲಿ, ಪುನಃ 2004ರಲ್ಲಿ, ಗರ್ಭಿಣಿಯರು ವಾರಕ್ಕೆ 340 ಗ್ರಾಂಗಿಂತ ಹೆಚ್ಚು ಮೀನು ತಿನ್ನಬಾರದೆಂದು ಸಲಹೆ ನೀಡಿತು. ಶಾರ್ಕ್, ಕತ್ತಿಮೀನು ಮುಂತಾದ ದೊಡ್ಡ ಬೇಟೆ ಮೀನುಗಳನ್ನು ಪೂರ್ತಿ ಬಿಡಬೇಕೆಂದೂ ಹೇಳಿತು. ಸಲಹೆಯ ಉದ್ದೇಶ ಒಳ್ಳೆಯದೇ. ಆದರೆ ಕೇಳಿದವರಲ್ಲಿ ಎಷ್ಟೋ ಹೆಂಗಸರು ಯಾವ ಮೀನು, ಎಷ್ಟು ಎಂಬ ವಿವರಕ್ಕೆ ಹೋಗದೆ ಮೀನನ್ನೇ ಕಡಿಮೆ ಮಾಡಿದರು. ಹೀಗೆ ಕಡಿಮೆ ಮಾಡಿದ್ದರಿಂದ ಮಗುವಿಗೆ ಲಾಭವಾಯಿತೋ ನಷ್ಟವಾಯಿತೋ?

ಉತ್ತರ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಕಡೆಯಿಂದ ಬಂದಿತು. ಅಲ್ಲಿ ಜೀನ್ ಗೋಲ್ಡಿಂಗ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಒಂದು ದೊಡ್ಡ ಅಧ್ಯಯನ ಆರಂಭವಾಗಿತ್ತು. 1991ರ ಏಪ್ರಿಲ್‌ನಿಂದ 1992ರ ಡಿಸೆಂಬರ್‌ವರೆಗೆ ಹೆರಿಗೆಯಾಗಬೇಕಿದ್ದ 14,000ಕ್ಕೂ ಹೆಚ್ಚು ಗರ್ಭಿಣಿಯರನ್ನು ನೋಂದಾಯಿಸಿಕೊಂಡು, ಅವರ ಊಟ, ಮನೆ, ಅಭ್ಯಾಸಗಳನ್ನು ಬರೆದಿಟ್ಟುಕೊಂಡು, ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಗಮನಿಸುತ್ತ ಬಂದರು. ಅಮೆರಿಕದ ಡಾ. ಜೋಸೆಫ್ ಹಿಬ್ಬೆಲ್ನ್ ಮತ್ತು ಸಂಗಡಿಗರು ಇವರಲ್ಲಿ 11,875 ತಾಯಂದಿರ ಮಾಹಿತಿಯನ್ನು ಪರಿಶೀಲಿಸಿ 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ತಾಯಂದಿರಲ್ಲಿ ಶೇಕಡಾ 12ರಷ್ಟು ಮಂದಿ ಕಡಲ ಆಹಾರ ತಿಂದೇ ಇರಲಿಲ್ಲ. ಶೇಕಡಾ 65ರಷ್ಟು ಮಂದಿ ವಾರಕ್ಕೆ 340 ಗ್ರಾಂವರೆಗೆ ತಿಂದಿದ್ದರು. ಉಳಿದ ಶೇಕಡಾ 23ರಷ್ಟು ಮಂದಿ ಅದಕ್ಕೂ ಹೆಚ್ಚು ತಿಂದವರು, ಅಂದರೆ ಅಮೆರಿಕದ ಸಲಹೆಯನ್ನು ಮೀರಿದವರು.

ಮಕ್ಕಳು 8 ವರ್ಷದವರಾದಾಗ ಅವರ ಭಾಷಾ ಬುದ್ಧಿಶಕ್ತಿಯನ್ನು, ಅಂದರೆ ಪದ ತಿಳಿದು ವಿಚಾರಿಸಿ ಉತ್ತರ ಹೇಳುವ ಶಕ್ತಿಯನ್ನು ಅಳೆಯಲಾಯಿತು. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಕೊನೆಯ ಇಪ್ಪತ್ತೈದು ಮಕ್ಕಳ ಗುಂಪೊಂದು ಆಗುತ್ತದಲ್ಲವೇ? ಮೀನು ತಿನ್ನದ ತಾಯಂದಿರ ಮಕ್ಕಳು ಆ ಕೊನೆಯ ಗುಂಪಿಗೆ ಬೀಳುವ ಸಂಭವಾನುಪಾತ, 340 ಗ್ರಾಂಗಿಂತ ಹೆಚ್ಚು ತಿಂದವರ ಮಕ್ಕಳಿಗೆ ಹೋಲಿಸಿದರೆ, 1.48 ಎಂದು ಕಂಡುಬಂದಿತು. ಸುಮಾರು ಒಂದೂವರೆ ಪಟ್ಟು ಎನ್ನಬಹುದು. ಚಿಕ್ಕಂದಿನಲ್ಲಿ ಕೈಬೆರಳ ಚಳಕ, ಮಾತುಕತೆ, ಇತರರೊಡನೆ ಬೆರೆಯುವ ಗುಣ ಇವುಗಳಲ್ಲೂ ಇಂಥದೇ ಒಲವು ಕಂಡಿತು. 340 ಗ್ರಾಂ ಮೀರಿದ್ದರಿಂದ ಹಾನಿಯಾದ ಕುರುಹು ಸಿಗಲಿಲ್ಲ. ಮಗುವನ್ನು ರಕ್ಷಿಸಲು ಕೊಟ್ಟ ಸಲಹೆಯೇ ಮಗುವಿಗೆ ಸಿಗಬೇಕಾದ ಪೋಷಣೆಯನ್ನು ತಪ್ಪಿಸುತ್ತಿರಬಹುದು ಎಂದು ಈ ವಿಜ್ಞಾನಿಗಳು ಬರೆದರು. ಈಗ ಅಮೆರಿಕದ ಸಲಹೆಯೂ ಬದಲಾಗಿದೆ. ಪಾದರಸ ಕಡಿಮೆ ಇರುವ ಮೀನನ್ನು ಗರ್ಭಿಣಿಯರು ವಾರಕ್ಕೆ ಸುಮಾರು 225ರಿಂದ 340 ಗ್ರಾಂ ತಿನ್ನಬೇಕು ಎಂದು ಅವರೇ ಹೇಳುತ್ತಾರೆ.

ಇಲ್ಲಿ ಬೇಸಾಯಗಾರರಾದ ನೀವು ಒಂದು ಪ್ರಶ್ನೆ ಕೇಳಲೇಬೇಕು. ಊರಿನಲ್ಲಿ ಕೊಟ್ಟಿಗೆ ಗೊಬ್ಬರ ಹಾಕಿದವರ ಜೋಳ ಚೆನ್ನಾಗಿದೆ, ಹಾಕದವರದು ಸೊರಗಿದೆ ಎಂದುಕೊಳ್ಳಿ. ಎಲ್ಲವೂ ಗೊಬ್ಬರದ ಗುಣವೇ? ಗೊಬ್ಬರ ಹಾಕುವವನು ಹದಕ್ಕೆ ಸರಿಯಾಗಿ ಬಿತ್ತುವವನೂ, ಎರಡು ಸಲ ಎಡೆ ಹೊಡೆಯುವವನೂ ಆಗಿರುತ್ತಾನೆ. ಅವನ ಭೂಮಿಯೂ ಎರೆ ಇರಬಹುದು. ಗೊಬ್ಬರಕ್ಕೆ ಸಲ್ಲಬೇಕಾದ ಪಾಲು ಎಷ್ಟು, ಮಿಕ್ಕವಕ್ಕೆ ಎಷ್ಟು ಎಂದು ಹೊಲದ ಬದುವಿನ ಮೇಲೆ ನಿಂತು ಹೇಳಲಾಗದು. ಬ್ರಿಸ್ಟಲ್‌ನಲ್ಲೂ ಮೀನು ತಿನ್ನುವ ತಾಯಂದಿರು ಹೆಚ್ಚು ಓದಿದವರೂ ಅನುಕೂಲಸ್ಥರೂ ಆಗಿದ್ದರು. ಓದು, ಮನೆಯ ಸ್ಥಿತಿ, ಬೀಡಿ ಸಿಗರೇಟಿನ ಚಟ ಮುಂತಾದ 28 ಅಂಶಗಳ ಪ್ರಭಾವವನ್ನು ವಿಜ್ಞಾನಿಗಳು ಲೆಕ್ಕದಿಂದ ಬೇರ್ಪಡಿಸಿದ ಮೇಲೆಯೇ ಮೇಲಿನ ಸಂಖ್ಯೆ ಬಂದದ್ದು. ಆದರೂ ಅಳೆಯದೇ ಬಿಟ್ಟ ಅಂಶವನ್ನು ಯಾವ ಲೆಕ್ಕವೂ ಬೇರ್ಪಡಿಸಲಾರದು. ಆದ್ದರಿಂದ ಒಂದೂವರೆ ಪಟ್ಟು ಎಂಬ ಸಂಖ್ಯೆಯನ್ನು ಕಲ್ಲಿನ ಮೇಲೆ ಕೆತ್ತಬೇಡಿರಿ. ಮೀನು ಬಿಟ್ಟದ್ದರಿಂದ ಲಾಭವಾದ ಸುಳಿವು ಇಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಬಹುದು.

ಇದಕ್ಕೆ ಒತ್ತಾಸೆಯಾಗಿ ಎರಡು ದ್ವೀಪಗಳ ಅನುಭವ ಇದೆ. ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪದಲ್ಲಿ ಗರ್ಭಿಣಿಯರು ವಾರಕ್ಕೆ ಸರಾಸರಿ ಹನ್ನೆರಡು ಹೊತ್ತು ಮೀನು ಉಣ್ಣುತ್ತಿದ್ದರು. 1989-90ರಲ್ಲಿ ಅಧ್ಯಯನಕ್ಕೆ ಸೇರಿಸಿಕೊಂಡ 779 ತಾಯಿ-ಮಕ್ಕಳನ್ನು ಗಮನಿಸಿ, ಮಕ್ಕಳಿಗೆ 9 ವರ್ಷವಾದಾಗ ಪರೀಕ್ಷಿಸಿದರೂ ಪಾದರಸದಿಂದ ಹಾನಿಯಾದುದಕ್ಕೆ ಆಧಾರ ದೊರೆಯಲಿಲ್ಲ. ಅತ್ತ ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಲ್ಲಿ 1986-87ರಲ್ಲಿ ಹುಟ್ಟಿದ ಮಕ್ಕಳಲ್ಲಿ, ತಾಯಿಯ ದೇಹದಲ್ಲಿ ಪಾದರಸ ಹೆಚ್ಚಿದಂತೆ ನೆನಪು, ಗಮನ, ಭಾಷೆಗಳಲ್ಲಿ ಕೊರತೆ ಕಂಡಿತು. ವ್ಯತ್ಯಾಸ ಏಕೆ? ಫೆರೋ ಜನರಿಗೆ ಪಾದರಸ ಮುಖ್ಯವಾಗಿ ಬಂದದ್ದು ಪೈಲಟ್ ತಿಮಿಂಗಿಲದ ಮಾಂಸದಿಂದ. ಅದು ಮೆಟ್ಟಿಲಿನ ತುತ್ತತುದಿಯ ಪ್ರಾಣಿ. ಅಲ್ಲಿಯ ಆರೋಗ್ಯಾಧಿಕಾರಿಗಳು ಹೆಂಗಸರಿಗೆ ಬಿಡಲು ಹೇಳಿದ್ದೂ ತಿಮಿಂಗಿಲವನ್ನೇ.

ಮೀನಿನಲ್ಲಿ ಮೆದುಳಿಗೆ ಬೇಕಾದದ್ದು ಏನಿದೆ? ಸಸಾರಜನಕ, ಬಿ-12 ಜೀವಸತ್ವ, ಸೆಲೆನಿಯಂ ಎಲ್ಲವೂ ಇವೆ. ವಿಶೇಷವಾಗಿ ಹೇಳಬೇಕಾದವು ಎರಡು. ಒಂದು ಡಿಎಚ್ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ, ಇನ್ನೊಂದು ಅಯೋಡಿನ್.

ಮೆದುಳಿನ ಮತ್ತು ಕಣ್ಣಿನ ಜೀವಕೋಶಗಳ ಪೊರೆಯಲ್ಲಿ ಡಿಎಚ್ಎ ಹೇರಳವಾಗಿರುತ್ತದೆ. ಗರ್ಭದ ಕೊನೆಯ ಮೂರು ತಿಂಗಳು ಹಾಗೂ ಹುಟ್ಟಿದ ಮೇಲಿನ ಎರಡು ವರ್ಷ ಮಗುವಿನ ಮೆದುಳು ಇದನ್ನು ಭರದಿಂದ ಶೇಖರಿಸುತ್ತದೆ. ಇದನ್ನು ತಯಾರಿಸುವವು ಸಮುದ್ರದ ಸೂಕ್ಷ್ಮ ಹಾವಸೆಗಳು. ಮೀನು ಅದನ್ನು ಮೇದು ಮೈಯಲ್ಲಿ ತುಂಬಿಕೊಳ್ಳುತ್ತದೆ. ಬೂತಾಯಿ, ಉತ್ತರ ಕನ್ನಡದವರು ತಾರಲೆ ಎನ್ನುವ ಎಣ್ಣೆ ಮೀನು, ಮತ್ತು ಬಂಗುಡೆ ಇವೆರಡೂ ಇದಕ್ಕೆ ಹೆಸರಾದವು, ಅಗ್ಗದವೂ ಹೌದು. ಒಂದು ಕಾಲದಲ್ಲಿ ಬೂತಾಯಿ ಎಷ್ಟು ಬೀಳುತ್ತಿತ್ತೆಂದರೆ ಒಣಗಿಸಿ ತೆಂಗಿನ ತೋಟಕ್ಕೆ, ಕಾಫಿ ತೋಟಕ್ಕೆ ಮೀನು ಗೊಬ್ಬರವೆಂದು ಹಾಕುತ್ತಿದ್ದರು. ನಮ್ಮ ಹಳೆಯ ಗೊಬ್ಬರದ ಪಟ್ಟಿಗಳಲ್ಲಿ ಅದರ ಸಾರಜನಕ, ರಂಜಕದ ಪ್ರಮಾಣವನ್ನು ಈಗಲೂ ಓದಬಹುದು. ಮಕ್ಕಳ ಮೆದುಳಿಗೆ ಆಗುವುದನ್ನು ತೆಂಗಿನ ಬುಡಕ್ಕೆ ಹಾಕಿದ ಈ ಲೆಕ್ಕಾಚಾರ ನನಗಂತೂ ಆಗಾಗ ನೆನಪಾಗುತ್ತದೆ.

ಹಾಗಾದರೆ ಡಿಎಚ್ಎ ಮಾತ್ರೆ ನುಂಗಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಔಷಧಿ ಅಂಗಡಿಯಲ್ಲಿ ಅವು ಬೇಕಾದಷ್ಟು ಇವೆ, ಬೆಲೆಯೂ ಜೋರು. ಈ ಪ್ರಶ್ನೆಗೆ ನಮ್ಮ ಪ್ರಯೋಗ ತಾಕುಗಳಂತೆಯೇ ಚೀಟಿ ಎತ್ತಿ ಗುಂಪು ಮಾಡಿ ಪರೀಕ್ಷೆ ನಡೆಸಿದ್ದಾರೆ. ಆಸ್ಟ್ರೇಲಿಯಾದಲ್ಲಿ 2,399 ಗರ್ಭಿಣಿಯರಲ್ಲಿ ಒಂದು ಗುಂಪಿಗೆ ದಿನಕ್ಕೆ 800 ಮಿ.ಗ್ರಾಂ ಡಿಎಚ್ಎ ಇರುವ ಮೀನೆಣ್ಣೆ ಮಾತ್ರೆ, ಇನ್ನೊಂದು ಗುಂಪಿಗೆ ಸಾಮಾನ್ಯ ಎಣ್ಣೆಯ ಮಾತ್ರೆ ಕೊಟ್ಟರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹದಿನೆಂಟು ತಿಂಗಳಿನ ಮಕ್ಕಳ ಸರಾಸರಿ ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮ ಬೆಳಗಾವಿಯಲ್ಲೇ 957 ಗರ್ಭಿಣಿಯರ ಮೇಲೆ ಇಂಥ ಪರೀಕ್ಷೆ ನಡೆಯಿತು. ಹಾವಸೆಯಿಂದ ತೆಗೆದ 400 ಮಿ.ಗ್ರಾಂ ಡಿಎಚ್ಎಯನ್ನು ಬಸುರಿನಿಂದ ಹಿಡಿದು ಹೆರಿಗೆಯಾಗಿ ಆರು ತಿಂಗಳವರೆಗೆ ದಿನವೂ ಕೊಟ್ಟರು. ಒಂದು ವರ್ಷದ ಮಕ್ಕಳಲ್ಲಿ ಎರಡೂ ಗುಂಪು ಸಮನಾಗಿಯೇ ಇದ್ದವು.

ಇದರಿಂದ ಮೀನೂ ವ್ಯರ್ಥವೆಂದು ತೀರ್ಮಾನಿಸಬಹುದೇ? ಬ್ರಿಸ್ಟಲ್‌ನಲ್ಲಿ ಕಂಡದ್ದರಲ್ಲಿ ಒಂದಂಶ ಮೀನಿನದಲ್ಲದೆ ತಾಯಂದಿರ ಒಟ್ಟು ಜೀವನಕ್ರಮದ್ದು ಇರಬಹುದು, ಅದನ್ನು ತಳ್ಳಿಹಾಕಲಾಗದು. ಆದರೆ ಲೀಬಿಗ್‌ನ ಕನಿಷ್ಠ ಅಂಶದ ನಿಯಮವನ್ನು ನೆನಪಿಗೆ ತಂದುಕೊಳ್ಳಿ. ರಂಜಕವೂ ಸತುವೂ ಕೊರತೆ ಇರುವ ಹೊಲಕ್ಕೆ ಬರೀ ಯೂರಿಯಾ ಸುರಿದರೆ ಇಳುವರಿ ಏರುವುದಿಲ್ಲ. ಮೀನು ಒಂದೇ ಅಂಶದ ಮಾತ್ರೆಯಲ್ಲ. ಅದು ಕೊಟ್ಟಿಗೆ ಗೊಬ್ಬರದಂತೆ ಹಲವು ಅಂಶಗಳು ಕೂಡಿದ ಆಹಾರ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 676 ಗರ್ಭಿಣಿಯರನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದಂತೆ, ಕೊನೆಯ ಮೂರು ತಿಂಗಳಲ್ಲಿ ಮೀನು ತಿನ್ನದವರಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚಾಗಿತ್ತು. ಕೈಯಲ್ಲಿ ಹಣ ಇದ್ದರೆ ಮಾತ್ರೆಗಿಂತ ಮೊದಲು ಬಂಗುಡೆಗೆ, ಹಾಲಿಗೆ, ಮೊಟ್ಟೆಗೆ ಖರ್ಚು ಮಾಡಿ ಎಂಬುದು ನನ್ನ ಅಭಿಪ್ರಾಯ. ಆದರೆ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗೆ ಈ ಮಾತು ಅನ್ವಯಿಸುವುದಿಲ್ಲ. ಅದನ್ನು ತಪ್ಪದೆ ನುಂಗಬೇಕು.

ಇನ್ನು ಅಯೋಡಿನ್. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದ ತಿರುಳು ಇಲ್ಲಿದೆ. ಗಂಟಲ ಬಳಿಯ ಥೈರಾಯಿಡ್ ಗ್ರಂಥಿ ಅಯೋಡಿನ್‌ನಿಂದ ಒಂದು ರಸದೂತವನ್ನು ತಯಾರಿಸುತ್ತದೆ. ಗರ್ಭದಲ್ಲಿ ಮೆದುಳು ಕಟ್ಟುವ ಕೆಲಸ ಆ ರಸದೂತದ ಆಜ್ಞೆಯಂತೆ ನಡೆಯುತ್ತದೆ. ಮಗುವಿನ ಸ್ವಂತ ಗ್ರಂಥಿ ಸರಿಯಾಗಿ ಕೆಲಸ ಆರಂಭಿಸುವುದು ಐದನೆಯ ತಿಂಗಳ ಹೊತ್ತಿಗೆ. ಅಲ್ಲಿಯವರೆಗೆ ತಾಯಿಯ ರಸದೂತವೇ ಗತಿ. ಕೊರತೆ ತೀವ್ರವಾದರೆ ಮಗು ಕುಳ್ಳಾಗಿ, ಕಿವುಡು-ಮೂಕಾಗಿ, ಮತಿಮಾಂದ್ಯತೆಯಿಂದ ಹುಟ್ಟುತ್ತದೆ. ಕೊರತೆ ಅಲ್ಪವಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಗು ಆಡುತ್ತದೆ, ಓಡುತ್ತದೆ, ಶಾಲೆಯಲ್ಲಿ ಮಾತ್ರ ಹಿಂದೆ ಬೀಳುತ್ತದೆ. ದಡ್ಡ ಎಂದು ಬೈಸಿಕೊಳ್ಳುತ್ತದೆ. ಬ್ರಿಸ್ಟಲ್‌ನ ಅದೇ ತಾಯಂದಿರಲ್ಲಿ 1,040 ಮಂದಿ ಬಸುರಿನ ಆರಂಭದಲ್ಲಿ ಕೊಟ್ಟಿದ್ದ ಮೂತ್ರದ ಮಾದರಿಗಳನ್ನು ಸರ್ರೆ ವಿಶ್ವವಿದ್ಯಾನಿಲಯದ ಸಾರಾ ಬಾತ್, ಮಾರ್ಗರೆಟ್ ರೇಮನ್ ಮೊದಲಾದವರು ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಅಯೋಡಿನ್ ಕಡಿಮೆ ಇದ್ದ ತಾಯಂದಿರ ಮಕ್ಕಳು 8ನೆಯ ವಯಸ್ಸಿನಲ್ಲಿ ಭಾಷಾ ಬುದ್ಧಿಶಕ್ತಿಯಲ್ಲಿ, 9ನೆಯ ವಯಸ್ಸಿನಲ್ಲಿ ತಪ್ಪಿಲ್ಲದೆ ಓದುವುದರಲ್ಲಿ, ಹಿಂದಿನ ಸಾಲಿಗೆ ಬೀಳುವ ಸಂಭವ ಹೆಚ್ಚಾಗಿತ್ತು. ಆ ತಾಯಂದಿರು ಯಾರೂ ಕಾಯಿಲೆಯವರಾಗಿ ಕಾಣುತ್ತಿರಲಿಲ್ಲ.

ಅಯೋಡಿನ್ ಮೂಲತಃ ಸಮುದ್ರದ ಆಸ್ತಿ. ಭೂಮಿಯ ಮೇಲಿದ್ದುದನ್ನು ಮಳೆ ತೊಳೆದು ಅಲ್ಲಿಗೇ ಒಯ್ಯುತ್ತದೆ. ಹಿಮಾಲಯದ ತಪ್ಪಲು, ನಮ್ಮ ಪಶ್ಚಿಮ ಘಟ್ಟ ಇಂಥ ಕಡೆ ಮಣ್ಣಿನಲ್ಲಿ ಅದು ಉಳಿಯುವುದಿಲ್ಲ. ಮಣ್ಣಿನಲ್ಲಿ ಇಲ್ಲದ್ದು ಪೈರಿನಲ್ಲೂ ಇಲ್ಲ, ಮೇವಿನಲ್ಲೂ ಇಲ್ಲ. ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿ ಗಳಗಂಡ ರೋಗ ಹಿಂದಿನಿಂದಲೂ ಕಂಡುಬಂದದ್ದು ಇದೇ ಕಾರಣಕ್ಕೆ. ನಮ್ಮ ದೇಶದಲ್ಲಿ ಇದಕ್ಕೆ ನಡೆದ ಪ್ರಯೋಗವಂತೂ ಬೇಸಾಯಶಾಸ್ತ್ರದವರು ಮೆಚ್ಚುವಂಥದು. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯನ್ನು ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು ಪೂರೈಸಿದರು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪಿನ ವಲಯಗಳಲ್ಲಿ ಮಕ್ಕಳ ಗಳಗಂಡ ಗಣನೀಯವಾಗಿ ಇಳಿಯಿತು, ಸಾದಾ ಉಪ್ಪಿನ ವಲಯದಲ್ಲಿ ಇಳಿಯಲಿಲ್ಲ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಇದೇ ಬುನಾದಿ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಗ್ರಾಹಕನ ಕೈ ಸೇರುವ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿ.ಗ್ರಾಂ ಅಯೋಡಿನ್ ಇರಬೇಕು. ದಿನಕ್ಕೆ 8 ಗ್ರಾಂ ಉಪ್ಪು ತಿಂದರೆ 120 ಮೈಕ್ರೋಗ್ರಾಂ ಆಯಿತು. ಕುದಿಸುವಾಗ ಅದರಲ್ಲಿ ಒಂದಿಷ್ಟು ಹೋಗುತ್ತದೆ. ಅಂದರೆ ಬೇಕಾದುದರಲ್ಲಿ ಅರ್ಧಕ್ಕಿಂತಲೂ ಕಡಿಮೆ. ಹಾಗೆಂದು ಉಪ್ಪನ್ನು ಹೆಚ್ಚಿಸುವಂತಿಲ್ಲ, ರಕ್ತದೊತ್ತಡ ಏರುತ್ತದೆ. ಉಳಿದದ್ದು ಕಡಲ ಮೀನು, ಹಾಲು, ಮೊಟ್ಟೆಗಳಿಂದಲೇ ಬರಬೇಕು. ಇನ್ನು ಸಾದಾ ಹರಳುಪ್ಪು ಬಳಸುವ ಮನೆಯಲ್ಲಿ ಮೀನೂ ಇಲ್ಲ, ಹಾಲೂ ಡೇರಿಗೆ ಹೋಯಿತು ಎಂದಾದರೆ ಸೊಸೆಗೆ ಅಯೋಡಿನ್ ಸಿಗುವುದು ಎಲ್ಲಿಂದ?

ಹಾಲಿನ ಮಾತು ಬಂದದ್ದರಿಂದ ಹೇಳುತ್ತೇನೆ. ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತ್ಯದಲ್ಲಿ ಗಳಗಂಡ ಎಷ್ಟು ಸಾಮಾನ್ಯವಾಗಿತ್ತೆಂದರೆ ರೋಗಕ್ಕೆ ಡರ್ಬಿಶೈರ್ ಕೊರಳು ಎಂದೇ ಹೆಸರಿತ್ತು. ಅಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸುವ ಕಾನೂನು ಬರಲೇ ಇಲ್ಲ. ರೋಗ ಹೋದದ್ದು ಹೈನುಗಾರರಿಂದ. ಹಸುಗಳ ಹಿಂಡಿಗೆ ಅಯೋಡಿನ್ ಸೇರಿದ ಖನಿಜ ಮಿಶ್ರಣ ಹಾಕತೊಡಗಿದರು, ಕೆಚ್ಚಲು ತೊಳೆಯಲು ಅಯೋಡಿನ್ ದ್ರಾವಣ ಬಳಸತೊಡಗಿದರು; ಹಾಲಿನಲ್ಲಿ ಅಯೋಡಿನ್ ಏರಿತು, ಶಾಲೆಯ ಮಕ್ಕಳು ಆ ಹಾಲು ಕುಡಿದರು. ಯಾರೂ ಉದ್ದೇಶಿಸದ ಆರೋಗ್ಯ ಕಾರ್ಯಕ್ರಮ ಅದು. ನೀವು ಹಸುವಿಗೆ ದಿನವೂ ಕೊಡುವ ಖನಿಜ ಮಿಶ್ರಣ ಮನೆಯ ಮಕ್ಕಳಿಗೂ ಮುಟ್ಟುತ್ತದೆ, ಆದರೆ ಒಂದು ಲೋಟ ಹಾಲನ್ನಾದರೂ ಮನೆಯಲ್ಲಿ ಉಳಿಸಿಕೊಂಡರೆ.

ಇನ್ನು ಆಚರಣೆಗೆ ತರಬೇಕಾದ ವಿಷಯಗಳು. ಮೀನು ತಿನ್ನುವ ಮನೆಗಳಲ್ಲಿ ಬಸುರಿಗೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 100 ಗ್ರಾಂನಷ್ಟು ಮೀನು ಸಿಗುವಂತೆ ನೋಡಿಕೊಳ್ಳಿರಿ. ಬೂತಾಯಿ, ಬಂಗುಡೆ, ಇಂಥ ಚಿಕ್ಕ ಮೀನುಗಳೇ ಉತ್ತಮ. ಅಮೆರಿಕದವರು ಗರ್ಭಿಣಿಯರಿಗೆ ಬೇಡವೆನ್ನುವ ಮೀನುಗಳ ಪಟ್ಟಿಯಲ್ಲಿ ನಮ್ಮ ಅಂಜಲ್‌ನ ಹತ್ತಿರದ ನೆಂಟನಾದ ಒಂದು ದೊಡ್ಡ ಮೀನೂ ಇದೆ. ಅದರಿಂದ ದೊಡ್ಡ ಅಂಜಲ್ ಅಪರೂಪಕ್ಕೆ ಸಾಕು. ಶಾರ್ಕ್ ಬೇಡವೇ ಬೇಡ. ಬೆಲೆ ಹೆಚ್ಚಾದ ಮೀನೇ ಹೆಚ್ಚು ಒಳ್ಳೆಯದೆಂಬ ಭಾವನೆ ಈ ವಿಷಯದಲ್ಲಿ ತಲೆಕೆಳಗು. ಮೀನು ತಾಜಾ ಇರಲಿ, ಕಿವಿರು ಕೆಂಪಗಿರಲಿ, ಪೂರ್ತಿ ಬೇಯಲಿ. ಕರಿಯುವುದಕ್ಕಿಂತ ಸಾರು ಮಾಡುವುದು ಮೇಲು. ಒಣಮೀನಿನಲ್ಲಿ ಉಪ್ಪು ವಿಪರೀತ; ಬಸುರಿಗೆ ಕಡಿಮೆ ಮಾಡಿರಿ. ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಸಾಕಿದವರು ಅದನ್ನೂ ಧಾರಾಳವಾಗಿ ತಿನ್ನಬಹುದು. ಸಿಹಿನೀರಿನ ಮೀನಿನಲ್ಲಿ ಅಯೋಡಿನ್ ಮತ್ತು ಡಿಎಚ್ಎ ಕಡಲ ಮೀನಿನಷ್ಟಿಲ್ಲ, ಆದರೆ ಸಸಾರಜನಕಕ್ಕೆ ಕೊರತೆ ಇಲ್ಲ.

ಮೀನು ತಿನ್ನದ ಮನೆಗಳು ನಮ್ಮ ಭಾಗದಲ್ಲಿ ಬಹಳ. ಅವರು ಮನಸ್ಸಿಗೆ ಒಪ್ಪದ್ದನ್ನು ತಿನ್ನಬೇಕಾಗಿಲ್ಲ. ಅಯೋಡಿನ್ ಉಪ್ಪು, ಹಾಲು ಮೊಸರು ಇವನ್ನು ಬಿಗಿಯಾಗಿ ಹಿಡಿದುಕೊಂಡರೆ ಅಯೋಡಿನ್ ಮತ್ತು ಬಿ-12ರ ಬಹುಪಾಲು ಬರುತ್ತದೆ. ಒಮೆಗಾ-3 ಮಟ್ಟಿಗೆ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಹಿಂಗಾರಿ ಬೆಳೆಯಾದ ಅಗಸಿ ಇದೆ. ಅಗಸಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಆಲ್ಫಾ ಲಿನೋಲೆನಿಕ್ ಆಮ್ಲ ಇರುತ್ತದೆ. ದೇಹ ಅದರಲ್ಲಿ ಬಹಳ ಚಿಕ್ಕ ಪಾಲನ್ನು ಮಾತ್ರ ಡಿಎಚ್ಎ ಆಗಿ ಪರಿವರ್ತಿಸಬಲ್ಲದು ಎಂಬುದನ್ನು ಮುಚ್ಚಿಡಬಾರದು. ಅಗಸಿ ಮೀನಿಗೆ ಸರಿಸಮ ಎಂದು ಹೇಳುವವರು ಉತ್ಪ್ರೇಕ್ಷೆ ಮಾಡುತ್ತಾರೆ. ಆದರೆ ಸೂರ್ಯಕಾಂತಿ, ಕುಸುಬೆ ಎಣ್ಣೆಗಳಲ್ಲಿ ಅಷ್ಟೂ ಇಲ್ಲ. ರೊಟ್ಟಿಯ ಜೊತೆ ಅಗಸಿ ಚಟ್ನಿಪುಡಿ ನಮ್ಮ ಹಿರಿಯರು ಹಾಕಿಕೊಟ್ಟ ಪದ್ಧತಿ. ಹುರಿದು ಕುಟ್ಟಿದ ಪುಡಿಯನ್ನು ಊಟಕ್ಕೆ ತಕ್ಕಷ್ಟು ಬಳಸಬಹುದು. ಗೋಧಿ, ಕಡಲೆ ಹೊಲದಲ್ಲಿ ಹಿಂದೆ ಹಾಕುತ್ತಿದ್ದ ಅಗಸಿಯ ನಾಲ್ಕು ಸಾಲನ್ನು ಮನೆಖರ್ಚಿಗಾದರೂ ಉಳಿಸಿಕೊಳ್ಳಿರಿ ಎಂದು ಬೇಸಾಯಶಾಸ್ತ್ರದವನಾಗಿ ಕೇಳಿಕೊಳ್ಳುತ್ತೇನೆ.

ಗಂಡಸರಿಗೆ ಒಂದು ಮಾತು. ಮೀನು ತಂದ ದಿನ ಮನೆಯಲ್ಲಿ ಯಾರ ತಟ್ಟೆಗೆ ನಡುವಿನ ತುಂಡು ಬೀಳುತ್ತದೆ, ಯಾರ ತಟ್ಟೆಗೆ ಬಾಲ ಬೀಳುತ್ತದೆ ಎಂದು ಗಮನಿಸಿದ್ದೀರಾ? ಮಾವ, ಗಂಡ, ಮೈದುನ ಉಂಡೆದ್ದ ಮೇಲೆ ಬಸುರಿ ಸೊಸೆ ಮಡಕೆಯ ತಳ ಕೆರೆಯುವ ಮನೆಯಲ್ಲಿ ವಾರಕ್ಕೆ ಎಷ್ಟು ಮೀನು ತಂದರೂ ಮಗುವಿಗೆ ಮುಟ್ಟುವುದಿಲ್ಲ. ಬಸುರಿಗೆ ಮೊದಲು ಬಡಿಸಿರಿ. ಅತ್ತೆಯಂದಿರು ಮನಸ್ಸು ಮಾಡಿದರೆ ಇದು ಒಂದೇ ದಿನದಲ್ಲಿ ಆಗುವ ಕೆಲಸ. ಮೆದುಳಿನ ಅಡಿಪಾಯ ಬೀಳುವುದು ಬಸುರು ಹೊರಗೆ ಕಾಣಿಸುವುದಕ್ಕೆ ಮೊದಲೇ ಆದ್ದರಿಂದ ಅಯೋಡಿನ್ ಉಪ್ಪು, ಹಾಲು, ಮೀನು ಸೊಸೆ ಮನೆ ತುಂಬಿದ ದಿನದಿಂದಲೇ ಆಕೆಗೆ ಸಿಗಬೇಕು.

ಕೊನೆಯದಾಗಿ ವಿಸ್ತರಣಾ ಕಾರ್ಯಕರ್ತರಿಗೆ. ಆಹಾರದ ಉಪ್ಪಿನಲ್ಲಿ ಅಯೋಡಿನ್ ಇರಲೇಬೇಕೆಂಬ ನಿಯಮ 2006ರಿಂದ ಜಾರಿಯಲ್ಲಿದೆ. ಆದರೂ ಸಂತೆಯಲ್ಲಿ ದನಗಳಿಗೆಂದು ಮಾರುವ ಹರಳುಪ್ಪು ಎಷ್ಟೋ ಮನೆಗಳ ಅಡಿಗೆಗೂ ಸೇರುತ್ತದೆ. ಉಪ್ಪು ಪರೀಕ್ಷಿಸುವ ಚಿಕ್ಕ ಸೀಸೆ ಆರೋಗ್ಯ ಇಲಾಖೆಯವರ ಬಳಿ, ಎಷ್ಟೋ ಕಡೆ ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ. ಚಮಚದಷ್ಟು ಉಪ್ಪಿನ ಮೇಲೆ ಅದರ ಒಂದೆರಡು ತೊಟ್ಟು ಬಿಟ್ಟರೆ ಅಯೋಡಿನ್ ಇರುವ ಉಪ್ಪು ನೀಲಿ ನೇರಳೆಗೆ ತಿರುಗುತ್ತದೆ, ಇಲ್ಲದ್ದು ಬೆಳ್ಳಗೇ ಉಳಿಯುತ್ತದೆ. ಮಣ್ಣಿನ ಮಾದರಿ ತರಲು ಹಳ್ಳಿಗೆ ಹೋದಾಗ ಅವರನ್ನೂ ಜೊತೆಗೆ ಕರೆದೊಯ್ದು ನಾಲ್ಕು ಮನೆಯ ಉಪ್ಪನ್ನು ಹೆಂಗಸರ ಎದುರೇ ಪರೀಕ್ಷಿಸಿ ತೋರಿಸಿರಿ. ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯಿಂದ ದೂರ, ತೇವ ತಾಗದಂತೆ ಇಡಬೇಕು. ಸಾರು ಇಳಿಸುವ ಹೊತ್ತಿಗೆ ಹಾಕಬೇಕು. ತೊಳೆದು ಬಳಸುವ ರೂಢಿ ಇದ್ದಲ್ಲಿ ಅದನ್ನು ಬಿಡಿಸಬೇಕು, ಏಕೆಂದರೆ ಹರಳಿನ ಮೇಲೆ ಸಿಂಪಡಿಸಿದ ಅಯೋಡಿನ್ ಮೊದಲ ನೀರಿಗೇ ಹೋಗಿಬಿಡುತ್ತದೆ.